ಇಂಗ್ಲಿಷಿನ ಅವಳಿ ಶಬ್ದಗಳು

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜು ಸೇರಿದ್ದ ಹುಡುಗನೊಬ್ಬನು ಒಂದು ಸಂಜೆ ನಮ್ಮನ್ನು ಕಾಣಲು ಬಂದನು. ಗಣಿತದಲ್ಲಿ ಜಾಣನೆನಿಸಿದ್ದವನು; ವರ್ಗದಲ್ಲಿ ಪ್ರಶ್ನೆ ಕೇಳಿದರೆ ಮೊದಲು ಮೇಲೇಳುತ್ತಿದ್ದುದು ಅವನ ಕೈಯೇ. ಅಂದು ಮಾತ್ರ ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಕುಳಿತಿದ್ದನು. ವಿಚಾರಿಸಲಾಗಿ ಸಂಗತಿ ಹೊರಬಿತ್ತು. ಕಾಲೇಜಿನಲ್ಲಿ ಅವನು ಇಂಗ್ಲಿಷಿನಲ್ಲಿ ಒಂದು ರಜೆಯ ಅರ್ಜಿ ಬರೆದುಕೊಟ್ಟಿದ್ದನು. ಪ್ರಾಂಶುಪಾಲರನ್ನು ಸಂಬೋಧಿಸುವಲ್ಲಿ 'ಪ್ರಿನ್ಸಿಪಲ್' ಎಂಬ ಶಬ್ದದ ಕೊನೆಗೆ ಏ, ಎಲ್ ಎಂಬ ಅಕ್ಷರಗಳ ಬದಲು ಎಲ್, ಈ ಎಂದು ಬರೆದಿದ್ದನು. ಅರ್ಜಿಯನ್ನು ತೆಗೆದುಕೊಂಡವರು ಅದನ್ನು ಇಡೀ ವರ್ಗಕ್ಕೆ ಎತ್ತಿ ತೋರಿಸಿ, "ನಮ್ಮ ಕಾಲೇಜಿನ ಕುರ್ಚಿಯ ಮೇಲೆ ಮನುಷ್ಯರು ಕುಳಿತಿಲ್ಲ, ಒಂದು ತತ್ತ್ವ ಕುಳಿತಿದೆ" ಎಂದರಂತೆ. ವರ್ಗವೆಲ್ಲ ನಕ್ಕಿತು. ಅಂದಿನಿಂದ ಆ ಹುಡುಗನು ಅಲ್ಲಿ ಬಾಯಿ ತೆರೆದಿರಲಿಲ್ಲ. ಅವನು ನಮ್ಮನ್ನು ಆ ಶಬ್ದದ ವಿಷಯ ಕೇಳಲಿಲ್ಲ. "ಸರ್, ನಾನು ಕನ್ನಡ ಶಾಲೆಯಲ್ಲಿ ಓದಿದ್ದೇ ತಪ್ಪಾಯಿತೇ?" ಎಂದು ಕೇಳಿದನು.

ಈ ಲೇಖನವು ಆ ಪ್ರಶ್ನೆಗೆ ಉತ್ತರ. ಇಂಗ್ಲಿಷಿನಲ್ಲಿ ನೋಡಲಿಕ್ಕೋ ಕೇಳಲಿಕ್ಕೋ ಒಂದರಂತೆ ಇನ್ನೊಂದು ಇರುವ ಶಬ್ದಗಳ ಜೋಡಿಗಳು ನೂರಾರು ಇವೆ. ಅವುಗಳಲ್ಲಿ ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಕನ್ನಡ ಮಾಧ್ಯಮದ ದೋಷದಿಂದಲೂ ಅಲ್ಲ. ಆ ಗೊಂದಲಕ್ಕೆ ಕಾರಣಗಳಿವೆ; ಕಾರಣ ತಿಳಿದರೆ ದಾರಿಯೂ ತಿಳಿಯುತ್ತದೆ. ಆ ದಾರಿಯಲ್ಲಿ ಕನ್ನಡವು ನಮಗೆ ಹೊರೆಯಾಗುವುದಕ್ಕಿಂತ ಊರುಗೋಲಾಗುವುದೇ ಹೆಚ್ಚೆಂಬುದನ್ನು ವಿದ್ಯಾರ್ಥಿಮಿತ್ರರು ಮುಂದೆ ಕಾಣುವರು. ಇಂಗ್ಲಿಷಿನ ಅಕ್ಷರಗಳನ್ನು ನಾವಿಲ್ಲಿ ಅವುಗಳ ಹೆಸರಿನಿಂದಲೇ ಕರೆದಿದ್ದೇವೆ: ಏ, ಬೀ, ಸೀ, ಡೀ, ಈ ಎಂಬ ಕ್ರಮದಲ್ಲಿ. ಓದುವಾಗ ಪಕ್ಕದಲ್ಲಿ ಒಂದು ಕಾಗದವನ್ನಿಟ್ಟುಕೊಂಡು ಆಯಾ ಶಬ್ದವನ್ನು ಬರೆದು ನೋಡಿದರೆ ಹೆಚ್ಚು ಪ್ರಯೋಜನವಾದೀತು.

ಗೊಂದಲಕ್ಕೆ ಕಾರಣ

ಕನ್ನಡದಲ್ಲಿ ನಾವು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಆದುದರಿಂದ ಶಬ್ದವನ್ನು ಸರಿಯಾಗಿ ಕೇಳಿಸಿಕೊಂಡ ಹುಡುಗನು ಅದನ್ನು ಬಹುಮಟ್ಟಿಗೆ ಸರಿಯಾಗಿ ಬರೆಯಬಲ್ಲನು. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ನುಡಿ ಒಂದು ದಾರಿ ಹಿಡಿಯಿತು, ಬರಹ ಇನ್ನೊಂದು ದಾರಿಯಲ್ಲಿ ನಿಂತಿತು.

ವಿಲಿಯಂ ಕ್ಯಾಕ್ಸ್ಟನ್ ಎಂಬವನು 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರವನ್ನು ತಂದನು. ಅಚ್ಚು ಬಂದ ಮೇಲೆ ಶಬ್ದಗಳ ಅಕ್ಷರಜೋಡಣೆ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಹೋಯಿತು. ಅದೇ ಕಾಲದಲ್ಲಿ ಜನರ ಉಚ್ಚಾರಣೆ ಭರದಿಂದ ಬದಲಾಗುತ್ತಿತ್ತು. ಇಂದು 'ನೈಟ್' ಎಂದರೆ ರಾತ್ರಿ. ಮೊದಲಲ್ಲಿ 'ಕೇ' ಅಕ್ಷರವಿಟ್ಟು ಬರೆದ 'ನೈಟ್' ಎಂದರೆ ಕುದುರೆಯೇರಿದ ವೀರ. ಇವೆರಡೂ ಹಿಂದೆ ಒಂದೇ ಧ್ವನಿಯಾಗಿರಲಿಲ್ಲ. ಎರಡನೆಯದರ ಮೊದಲಿನ ಕಕಾರವನ್ನು ಜನರು ನಿಜವಾಗಿಯೂ ಉಚ್ಚರಿಸುತ್ತಿದ್ದರು. ಎರಡರ ನಡುವೆಯೂ ಬರುವ ಜೀ, ಎಚ್ ಅಕ್ಷರಗಳಿಗೂ ಗಂಟಲಿನಿಂದ ಹೊರಡುವ ಒಂದು ಧ್ವನಿಯಿತ್ತು. ಮಾಂಸವೆಂಬ ಅರ್ಥದ 'ಮೀಟ್' ಮತ್ತು ಭೇಟಿಯೆಂಬ ಅರ್ಥದ 'ಮೀಟ್' ಸಹ ಬೇರೆ ಬೇರೆ ಸ್ವರಗಳನ್ನು ಹೊಂದಿದ್ದುವು. ಧ್ವನಿಗಳು ಅಳಿದುವು, ಅಕ್ಷರಗಳು ಉಳಿದುವು. ಇದು ಸಾಲದೆಂಬಂತೆ ಪಂಡಿತರು ಲ್ಯಾಟಿನ್ ಭಾಷೆಯ ಮೇಲಣ ಗೌರವದಿಂದ ಕೆಲವೆಡೆ ಹೊಸ ಅಕ್ಷರಗಳನ್ನು ತುರುಕಿದರು. ಸಾಲವೆಂಬ ಅರ್ಥದ 'ಡೆಟ್' ಶಬ್ದದಲ್ಲಿ ಬೀ ಅಕ್ಷರವು ಹಾಗೆ ಬಂದುದು. ಅದನ್ನು ಇಂಗ್ಲಿಷರು ಎಂದೂ ಉಚ್ಚರಿಸಿದವರಲ್ಲ.

ನಮ್ಮ ಭಾಷೆಯಲ್ಲೂ ಧ್ವನಿಗಳು ಅಳಿದಿವೆ. ಹಳಗನ್ನಡದಲ್ಲಿ ೞ, ಱ ಎಂಬ ಎರಡು ಅಕ್ಷರಗಳಿದ್ದುವು. ಮಳೆಯನ್ನು 'ಮೞೆ' ಎಂದೂ ಕೋಳಿಯನ್ನು 'ಕೋೞಿ' ಎಂದೂ ಬರೆಯುತ್ತಿದ್ದರು. ತಿಳಿ ಎಂಬ ಅರ್ಥದ 'ಅಱಿ' ಬೇರೆ, ಶತ್ರುವೆಂಬ ಅರ್ಥದ 'ಅರಿ' ಬೇರೆಯಾಗಿತ್ತು. ಆಡುಮಾತಿನಲ್ಲಿ ಈ ಧ್ವನಿಗಳು ಮರೆಯಾಗತೊಡಗಿದ್ದುದರಿಂದಲೇ ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಎಣಿಸಿಕೊಡಬೇಕಾಯಿತು. ಕಾಲಕ್ರಮದಲ್ಲಿ ಕನ್ನಡಿಗರು ಅಳಿದ ಧ್ವನಿಯೊಡನೆ ಅದರ ಅಕ್ಷರವನ್ನೂ ಕೈಬಿಟ್ಟರು. ಇಂಗ್ಲಿಷರು ಧ್ವನಿಯನ್ನು ಬಿಟ್ಟು ಅಕ್ಷರವನ್ನು ಮಾತ್ರ ಉಳಿಸಿಕೊಂಡರು. ಇಷ್ಟೇ ವ್ಯತ್ಯಾಸ. ಆದುದರಿಂದ ಇಂಗ್ಲಿಷು ಶಬ್ದವನ್ನು ಕಿವಿಯೊಂದರಿಂದಲೇ ಕಲಿಯಲಾಗದು. ಅದರ ವಂಶವನ್ನೂ ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಕಿವಿಗೆ ಒಂದೇ, ಬರಹದಲ್ಲಿ ಬೇರೆ

ಮೊದಲು ನಮ್ಮ ಹುಡುಗನನ್ನು ಕಾಡಿದ ಜೋಡಿಯನ್ನೇ ತೆಗೆದುಕೊಳ್ಳೋಣ. ಏ, ಎಲ್ ಎಂದು ಮುಗಿಯುವ 'ಪ್ರಿನ್ಸಿಪಲ್' ಎಂದರೆ ಮುಖ್ಯವಾದುದು ಅಥವಾ ಮುಖ್ಯಸ್ಥನು. ಎಲ್, ಈ ಎಂದು ಮುಗಿಯುವುದು ತತ್ತ್ವ, ನಿಯಮ. ಎರಡೂ ಮೊದಲನೆಯವನು ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದ ಅಣ್ಣತಮ್ಮಂದಿರು. ಮೊದಲ ಸ್ಥಾನದಲ್ಲಿರುವ ವ್ಯಕ್ತಿ ಒಂದು, ಎಲ್ಲಕ್ಕೂ ಮೊದಲಾದ ನಿಯಮ ಇನ್ನೊಂದು. ನೆನಪಿಡುವ ಉಪಾಯ ಕನ್ನಡದಲ್ಲೇ ಇದೆ. ಮುಖ್ಯಸ್ಥನ ಶಬ್ದದ ಕೊನೆಯ ಮೂರು ಅಕ್ಷರಗಳು ಪೀ, ಏ, ಎಲ್. ಕನ್ನಡದ ರೀತಿಯಲ್ಲಿ ಕೂಡಿಸಿ ಓದಿದರೆ 'ಪಾಲ್'. ಪ್ರಾಂಶುಪಾಲರ ಕೊನೆಯಲ್ಲಿಯೂ 'ಪಾಲ'ವೇ ಇದೆ. ಬ್ಯಾಂಕಿನ ಲೆಕ್ಕದಲ್ಲಿ ಬಡ್ಡಿಯನ್ನು ಬಿಟ್ಟು ಉಳಿದ ಮೂಲಧನಕ್ಕೂ ಇದೇ ಏಕಾರದ ಶಬ್ದ. ಆ 'ಅಸಲು' ಅಕಾರದಿಂದ ಮೊದಲಾಗುವುದನ್ನು ನೆನೆದರೆ ಸಾಕು.

ಎರಡನೆಯ ಜೋಡಿ ನಮ್ಮ ನಗರದ ಬೀದಿಗಳಲ್ಲಿಯೇ ತೂಗಾಡುತ್ತಿದೆ. ಪುಸ್ತಕ, ಲೇಖನಿ, ಕಾಗದಗಳನ್ನು ಮಾರುವ ಅಂಗಡಿಗಳ ಫಲಕಗಳನ್ನು ಗಮನಿಸಿ. 'ಸ್ಟೇಷನರಿ' ಎಂಬುದರ ಕೊನೆಗೆ ಈ, ಆರ್, ವೈ ಇರಬೇಕಾದಲ್ಲಿ ಎಷ್ಟೋ ಕಡೆ ಏ, ಆರ್, ವೈ ಎಂದಿರುತ್ತದೆ. ಏ ಅಕ್ಷರದ ಶಬ್ದಕ್ಕೆ ನಿಂತಲ್ಲೇ ನಿಂತಿರುವುದು, ಚಲಿಸದಿರುವುದು ಎಂದರ್ಥ. ಅಂಗಡಿಯವನು ತನ್ನ ಅಂಗಡಿ ಓಡಿಹೋಗದೆಂದು ಸಾರಿದಂತಾಯಿತು! ವಿನೋದವೇನೆಂದರೆ ಇತಿಹಾಸದಲ್ಲಿ ಅವನ ಮಾತು ಸುಳ್ಳೇನಲ್ಲ. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗಿ ಸರಕು ಮಾರುವವರಿದ್ದರು. ಅವರಂತಲ್ಲದೆ ಒಂದೆಡೆ, ಅದರಲ್ಲೂ ವಿಶ್ವವಿದ್ಯಾಲಯಗಳ ಸಮೀಪದಲ್ಲಿ, ನೆಲೆಯಾಗಿ ಅಂಗಡಿ ಹೂಡಿ ಪುಸ್ತಕ ಮಾರುವವನಿಗೆ ನಿಂತವನು ಎಂಬ ಅರ್ಥದಲ್ಲಿ 'ಸ್ಟೇಷನರ್' ಎಂಬ ಹೆಸರು ಬಂದಿತು. ಅವನು ಮಾರುವ ಸಾಮಗ್ರಿಯೇ ಸ್ಟೇಷನರಿ. 'ಪೇಪರ್' ಎಂಬ ಶಬ್ದವು ಈ, ಆರ್ ಎಂದು ಮುಗಿಯುತ್ತದೆ. ಪೇಪರ್ ಮಾರುವ ಅಂಗಡಿಗೂ ಈ, ಆರ್ ಬೇಕು ಎಂದು ನೆನಪಿಡಬಹುದು.

'ಕಾಂಪ್ಲಿಮೆಂಟ್' ಎಂಬ ಜೋಡಿಯು ಮೂರನೆಯದು. ನಡುವೆ ಈ ಅಕ್ಷರವಿದ್ದರೆ ಪೂರಕ, ಐ ಅಕ್ಷರವಿದ್ದರೆ ಪ್ರಶಂಸೆ. ರೇಖಾಗಣಿತದಲ್ಲಿ ಎರಡು ಕೋನಗಳು ಸೇರಿ 90 ಅಂಶಗಳಾದರೆ ಅವು ಪೂರಕ ಕೋನಗಳು; ಅಲ್ಲಿ ಈಕಾರವೇ ಬರಬೇಕು. ಪೂರ್ಣವೆಂಬ ಅರ್ಥದ 'ಕಂಪ್ಲೀಟ್' ಶಬ್ದದಲ್ಲಿಯೂ ಎಲ್ ಅಕ್ಷರದ ಮುಂದೆ ಈ ಇರುವುದನ್ನು ಗಮನಿಸಿದರೆ ತಪ್ಪಲು ಆಸ್ಪದವಿಲ್ಲ. ನಾಟಕಕ್ಕೆ ಗೌರವಪೂರ್ವಕವಾಗಿ ಕೊಡುವ ಪುಕ್ಕಟೆ ಪ್ರವೇಶಪತ್ರದಲ್ಲಿ ಬರುವುದು ಐಕಾರದ ಶಬ್ದ.

'ಕೌನ್ಸಿಲ್' ಎಂದರೆ ಸಭೆ, 'ಕೌನ್ಸೆಲ್' ಎಂದರೆ ಸಲಹೆ. ಮೊದಲನೆಯದರಲ್ಲಿ ಸೀ ಅಕ್ಷರ, ಎರಡನೆಯದರಲ್ಲಿ ಎಸ್. ನಗರವೆಂಬ ಅರ್ಥದ 'ಸಿಟಿ'ಯು ಸೀ ಅಕ್ಷರದಿಂದ ಆರಂಭವಾಗುತ್ತದೆ, ನಗರಸಭೆಯೂ ಸೀ ಅಕ್ಷರದ್ದೇ. 'ಸಲಹೆ'ಯನ್ನು ಇಂಗ್ಲಿಷು ಲಿಪಿಯಲ್ಲಿ ಬರೆದರೆ ಮೊದಲ ಅಕ್ಷರ ಎಸ್, ಸಲಹೆಗಾರನಿಗೂ ಎಸ್.

ನಮ್ಮ ಕಿವಿ ಮಾಡುವ ಮೋಸ

ಇನ್ನು ಕೆಲವು ಜೋಡಿಗಳು ಇಂಗ್ಲಿಷರ ಕಿವಿಗೆ ಬೇರೆ ಬೇರೆಯಾಗಿಯೇ ಕೇಳುತ್ತವೆ. ನಮ್ಮ ಕಿವಿಗೆ ಮಾತ್ರ ಒಂದಾಗಿ ಕೇಳುತ್ತವೆ. ಇದರಲ್ಲಿ ನಾಚಿಕೆಯೇನೂ ಇಲ್ಲ. 'ಮತ' 'ಮಠ' ಎಂಬ ಶಬ್ದಗಳನ್ನು ಹೊಸದಾಗಿ ಕನ್ನಡ ಕಲಿಯುವ ಇಂಗ್ಲಿಷನ ಮುಂದೆ ಹೇಳಿ ನೋಡಿ. 'ಕಲೆ' 'ಕಳೆ', 'ಹಲ್ಲಿ' 'ಹಳ್ಳಿ' ಎಂದು ಹೇಳಿ ನೋಡಿ. ಅವನು ತಬ್ಬಿಬ್ಬಾಗುವನು. ಬಾಲ್ಯದಲ್ಲಿ ಕೇಳದ ಧ್ವನಿಭೇದವನ್ನು ಕಿವಿಯು ತಾನಾಗಿ ಹಿಡಿಯಲಾರದು, ಅದಕ್ಕೆ ಹೇಳಿಕೊಡಬೇಕಾಗುತ್ತದೆ.

ಕನ್ನಡದ ಸ್ವಂತ ಧ್ವನಿಗಳಲ್ಲಿ 'ಜ಼' ಇಲ್ಲ. ಆದಕಾರಣ ಬೆಲೆಯೆಂಬ ಅರ್ಥದ 'ಪ್ರೈಸ್' ಮತ್ತು ಬಹುಮಾನವೆಂಬ ಅರ್ಥದ 'ಪ್ರೈಜ಼್' ನಮ್ಮಲ್ಲಿ ಒಂದಾಗುತ್ತವೆ. ವಾರ್ಷಿಕೋತ್ಸವದ ಆಮಂತ್ರಣಪತ್ರಿಕೆಯಲ್ಲಿ ಜ಼ೆಡ್ ಅಕ್ಷರದ ಸ್ಥಾನದಲ್ಲಿ ಸೀ ಬಿದ್ದರೆ ಬಹುಮಾನ ವಿತರಣೆಯು ಬೆಲೆಗಳ ವಿತರಣೆಯಾದೀತು. ಇವೂ ಮೂಲದಲ್ಲಿ ಒಂದೇ ಶಬ್ದವಾಗಿದ್ದು, ಬಳಿಕ ಕವಲೊಡೆದವು. 'ಲೂಸ್' ಎಂದರೆ ಸಡಿಲ, ಅಲ್ಲಿ ಎರಡು ಓ ಅಕ್ಷರಗಳು, ಕೊನೆಗೆ ಸಕಾರ. 'ಲೂಜ಼್' ಎಂದರೆ ಕಳೆದುಕೊಳ್ಳು, ಅಲ್ಲಿ ಓ ಒಂದೇ, ಕೊನೆಗೆ ಜ಼ಕಾರ. ಕಳೆದುಕೊಳ್ಳುವ ಶಬ್ದವು ತನ್ನ ಒಂದು ಓ ಅಕ್ಷರವನ್ನೂ ಕಳೆದುಕೊಂಡಿದೆ ಎಂದರೆ ಮರೆಯದು.

'ಅಡ್ವೈಸ್' ಎಂದರೆ ಸಲಹೆ, ಅದು ನಾಮಪದ. ಬರೆಯುವುದು ಸೀ ಅಕ್ಷರದಿಂದ. 'ಅಡ್ವೈಜ಼್' ಎಂದರೆ ಸಲಹೆ ನೀಡು, ಅದು ಕ್ರಿಯಾಪದ. ಬರೆಯುವುದು ಎಸ್ ಅಕ್ಷರದಿಂದ. ಈ ಒಂದು ಜೋಡಿಯ ಧ್ವನಿಭೇದವನ್ನು ಗಟ್ಟಿಮಾಡಿಕೊಂಡರೆ ಇನ್ನೆರಡು ಜೋಡಿಗಳು ತಾವಾಗಿ ಬಗೆಹರಿಯುತ್ತವೆ. ಅಭ್ಯಾಸವೆಂಬ 'ಪ್ರ್ಯಾಕ್ಟಿಸ್', ಪರವಾನಿಗೆಯೆಂಬ 'ಲೈಸೆನ್ಸ್' ಇವುಗಳಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಉಚ್ಚಾರಣೆ ಒಂದೇ. ಆದರೂ ಬ್ರಿಟನ್ನಿನ ಪದ್ಧತಿಯಲ್ಲಿ ನಾಮಪದಕ್ಕೆ ಸೀ, ಕ್ರಿಯಾಪದಕ್ಕೆ ಎಸ್ ಎಂಬ ಅದೇ ನಿಯಮ. ಅಮೆರಿಕದವರು ಮೊದಲನೆಯದನ್ನು ಎರಡು ಅರ್ಥಗಳಲ್ಲಿಯೂ ಸೀ ಅಕ್ಷರದಿಂದ, ಎರಡನೆಯದನ್ನು ಎರಡರಲ್ಲಿಯೂ ಎಸ್ ಅಕ್ಷರದಿಂದ ಬರೆಯುತ್ತಾರೆ. ಆದುದರಿಂದ ಅಮೆರಿಕದ ಪುಸ್ತಕದಲ್ಲಿ ಬೇರೆ ರೂಪ ಕಂಡರೆ ಗಾಬರಿಪಡಬೇಕಾಗಿಲ್ಲ.

ಇನ್ನೊಂದು ಮೋಸವು ವಕಾರದ್ದು. ನಮ್ಮಲ್ಲಿ ವಕಾರ ಒಂದೇ. ಇಂಗ್ಲಿಷಿನಲ್ಲಿ ವೀ, ಡಬ್ಲ್ಯು ಎಂದು ಎರಡು. ಮುಂಬಯಿಯ ಜನರು ದಿನಕ್ಕೆ ಹತ್ತು ಸಲ 'ಅಂಧೇರಿ ವೆಸ್ಟ್' ಎನ್ನುವರು. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ಅದು ವೀ ಅಕ್ಷರದ 'ವೆಸ್ಟ್', ಎಂದರೆ ಒಳಗೆ ತೊಡುವ ಬನಿಯನು. ತುಟಿಗಳನ್ನು ದುಂಡಗೆ ಮಾಡಿ, ಹಲ್ಲು ತಾಗಿಸದೆ ನುಡಿದರೆ ಮಾತ್ರ ಅದು ಪಶ್ಚಿಮ ದಿಕ್ಕು. ಕನ್ನಡಿಯ ಮುಂದೆ ನಿಂತು ಹತ್ತು ಬಾರಿ ಹೇಳಿ ನೋಡಿದರೆ ಭೇದವು ಕಣ್ಣಿಗೇ ಕಾಣುವುದು.

ಕಣ್ಣಿಗೆ ಒಂದೇ, ನುಡಿಯಲ್ಲಿ ಬೇರೆ

ಮೂರನೆಯ ವರ್ಗದ ಶಬ್ದಗಳು ಅವಸರದಲ್ಲಿ ಓದುವವರ ಕಣ್ಣನ್ನು ವಂಚಿಸುತ್ತವೆ. ಇಲ್ಲಿ ಒಮ್ಮೆ ಗಟ್ಟಿಯಾಗಿ ಓದುವುದೇ ಮದ್ದು.

'ಡೈರಿ' ಎಂದರೆ ದಿನಚರಿ, 'ಡೇರಿ' ಎಂದರೆ ಹಾಲಿನ ಕೇಂದ್ರ. ಒಂದರಲ್ಲಿ ಐ ಮೊದಲು, ಏ ಆಮೇಲೆ, ಇನ್ನೊಂದರಲ್ಲಿ ತಿರುಗುಮುರುಗು. ದಿನಚರಿಯ ಶಬ್ದವು ದಿನವೆಂಬ ಅರ್ಥದ 'ದಿಯೇಸ್' ಎಂಬ ಲ್ಯಾಟಿನ್ ಶಬ್ದದಿಂದ ಬಂದಿತು. ನಮ್ಮ 'ದಿವಸ'ಕ್ಕೂ ಅದಕ್ಕೂ ಮೂಲ ಒಂದೇ. 'ದಿವಸ'ದ ದಿಕಾರವನ್ನು ಬರೆದರೆ ಡೀ, ಐ ಎಂದೇ ಬರುತ್ತದೆಯಷ್ಟೆ! ಕನ್ನಡ ಬಲ್ಲವನಿಗೆ ಇದಕ್ಕಿಂತ ಸುಲಭವಾದ ಗುರುತು ಬೇರೆ ಬೇಡ.

'ಡೆಸರ್ಟ್' ಎಂದು ನಾವು ಬರೆಯುವ ಶಬ್ದಗಳಲ್ಲಿ ಒಂದು ಎಸ್ ಇದ್ದರೆ ಮರುಭೂಮಿ, ಎರಡಿದ್ದರೆ ಊಟದ ಕೊನೆಯ ಸಿಹಿ. ಮರುಭೂಮಿಗೆ ಮೊದಲ ಭಾಗದ ಮೇಲೆ ಒತ್ತು, ಸಿಹಿಗೆ ಎರಡನೆಯ ಭಾಗದ ಮೇಲೆ. ಮರುಭೂಮಿಯೆಂದರೆ ಜನರು ಬಿಟ್ಟುಹೋದ ನೆಲ. ಒಂದೇ ಎಸ್ ಇಟ್ಟು ಎರಡನೆಯ ಭಾಗವನ್ನು ಒತ್ತಿ ನುಡಿದರೆ ಬಿಟ್ಟುಹೋಗು ಎಂಬ ಕ್ರಿಯಾಪದವೂ ಆಗುತ್ತದೆ. ಸಿಹಿಯ ಶಬ್ದವು ಬಡಿಸಿದ ಪಾತ್ರೆಗಳನ್ನು ಮೇಜಿನಿಂದ ತೆಗೆಯುವುದು ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಹುಟ್ಟಿತು. ಊಟದ ಪಾತ್ರೆಗಳನ್ನು ತೆಗೆದ ಮೇಲೆ ಬರುವುದು ಎಂದು ಅದರ ಭಾವ. ಎರಡು ಎಸ್ ಅಕ್ಷರಗಳನ್ನು 'ಸಿಹಿ' 'ಸಕ್ಕರೆ' ಎಂದು ಲೆಕ್ಕ ಹಾಕಿಕೊಳ್ಳಿ. ನಮ್ಮ ನಗರದಲ್ಲಿ ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಅನೇಕರು. ತಿಂಡಿಗಳ ಪಟ್ಟಿಯಲ್ಲಿ ಈ ಒಂದು ಎಸ್ ತಪ್ಪಿದರೆ ಗಿರಾಕಿಗೆ ಮರಳುಗಾಡನ್ನು ಬಡಿಸಿದಂತೆಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ.

'ಏಂಜಲ್' ದೇವದೂತ, 'ಆ್ಯಂಗಲ್' ಕೋನ. ಜೀ ಅಕ್ಷರದ ಮುಂದೆ ಈ ಬಂದಾಗ ಅನೇಕ ಕಡೆ ಅದು ಜಕಾರವಾಗುತ್ತದೆ, ಎಲ್ ಬಂದಾಗ ಗಕಾರವಾಗಿಯೇ ಉಳಿಯುತ್ತದೆ. ದೇವದೂತನ ಶಬ್ದದಲ್ಲಿ ಜಕಾರ ಕೇಳುತ್ತದೆ, ಆದುದರಿಂದ ಅಲ್ಲಿ ಈ ಮೊದಲು. 'ಕ್ವಾಯೆಟ್' ಎಂದರೆ ಮೌನ, 'ಕ್ವೈಟ್' ಎಂದರೆ ಸಾಕಷ್ಟು ಅಥವಾ ಪೂರ್ತಿಯಾಗಿ. ಮೌನದ ಶಬ್ದವನ್ನು ಎರಡು ಭಾಗವಾಗಿ ನುಡಿಯಬೇಕು. ಅದರ ಕೊನೆಗೆ ಈ, ಟೀ.

ಅರ್ಥದಲ್ಲಿ ನೆರೆಹೊರೆಯವು

ಕೆಲವು ಜೋಡಿಗಳು ರೂಪದಲ್ಲಿಯೂ ಅರ್ಥದಲ್ಲಿಯೂ ಹತ್ತಿರವಾಗಿರುವುದರಿಂದ ಹೆಚ್ಚು ಅಪಾಯಕಾರಿ. 'ಅಫೆಕ್ಟ್', 'ಎಫೆಕ್ಟ್' ಇವುಗಳನ್ನು ನೋಡಿ. ಮೊದಲನೆಯದು ಸಾಮಾನ್ಯವಾಗಿ ಕ್ರಿಯಾಪದ: ತಟ್ಟು, ಬಾಧಿಸು. ಎರಡನೆಯದು ಸಾಮಾನ್ಯವಾಗಿ ನಾಮಪದ: ಪರಿಣಾಮ. ಜುಲೈ ತಿಂಗಳ ಮಳೆಯು ನಮ್ಮ ನಗರದ ರೈಲುಗಳನ್ನು 'ಅಫೆಕ್ಟ್' ಮಾಡುತ್ತದೆ; ಅದರ 'ಎಫೆಕ್ಟ್' ಶಾಲೆಯ ಹಾಜರಿಯಲ್ಲಿ ಕಾಣುತ್ತದೆ. ತಟ್ಟುವುದು ಮೊದಲು, ಪರಿಣಾಮ ಆಮೇಲೆ. ಅಕ್ಷರಮಾಲೆಯಲ್ಲಿಯೂ ಏ ಮೊದಲು, ಈ ಆಮೇಲೆ. ಅಪರೂಪಕ್ಕೆ ಎರಡನೆಯದು ಕ್ರಿಯಾಪದವಾಗುವುದುಂಟು. ಆಗ ಅದಕ್ಕೆ ಬರಿಯ ತಟ್ಟುವುದೆಂಬ ಅರ್ಥವಿಲ್ಲ. ನೆರವೇರಿಸು, ಆಗಮಾಡು ಎಂದರ್ಥ.

'ಎಕನಾಮಿಕ್' ಎಂದರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು. 'ಎಕನಾಮಿಕಲ್' ಎಂದರೆ ಮಿತವ್ಯಯದ. ದೇಶದ ನೀತಿ ಮೊದಲನೆಯದು, ತಾಯಿ ಮನೆ ನಡೆಸುವ ಜಾಣ್ಮೆ ಎರಡನೆಯದು. 'ಹಿಸ್ಟಾರಿಕ್' ಎಂದರೆ ಇತಿಹಾಸದಲ್ಲಿ ನೆನಪಿಡಬೇಕಾದ ಮಹತ್ತ್ವದ್ದು. 'ಹಿಸ್ಟಾರಿಕಲ್' ಎಂದರೆ ಇತಿಹಾಸಕ್ಕೆ ಸಂಬಂಧಿಸಿದ್ದು. 1947ರ ಆಗಸ್ಟ್ 15 ಮೊದಲನೆಯ ಬಗೆಯ ದಿನ. ಆ ದಿನವನ್ನು ಕುರಿತು ಬರೆದ ಕಾದಂಬರಿ ಎರಡನೆಯ ಬಗೆಯದು. 'ಚೈಲ್ಡಿಶ್' ಎಂದರೆ ಹುಡುಗುತನದ, ಅದು ನಿಂದೆ. 'ಚೈಲ್ಡ್‌ಲೈಕ್' ಎಂದರೆ ಮಗುವಿನಂತೆ ನಿಷ್ಕಪಟವಾದ, ಅದು ಹೊಗಳಿಕೆ. ಹಿರಿಯರೊಬ್ಬರಿಗೆ ಬರೆದ ಅಭಿನಂದನಾಪತ್ರದಲ್ಲಿ ಇವೆರಡನ್ನು ಅದಲುಬದಲು ಮಾಡಿದರೆ ಆಗುವ ಅನರ್ಥವನ್ನು ಊಹಿಸಿಕೊಳ್ಳಬಹುದು.

ತಪ್ಪಿನ ಬೆಲೆ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಎಂದು ಯಾರಾದರೂ ಕೇಳಬಹುದು. ಸಣ್ಣ ಶಬ್ದವು ಪ್ರಾಣವನ್ನೇ ತೆಗೆದುಕೊಂಡ ಉದಾಹರಣೆಯಿದೆ. 1989ನೆಯ ಇಸವಿಯ ಫೆಬ್ರವರಿ 19ರಂದು ಅಮೆರಿಕದ ಸಂಸ್ಥೆಯೊಂದರ ಸರಕುವಿಮಾನವು ಸಿಂಗಪುರದಿಂದ ಮಲೇಶಿಯದ ಕೌಲಾಲಂಪುರಕ್ಕೆ ಹೋಗುತ್ತಿತ್ತು. ಇಳಿಯುವ ಹೊತ್ತಿನಲ್ಲಿ ನೆಲದ ಮೇಲಿನ ನಿಯಂತ್ರಕರು 'ಡಿಸೆಂಡ್ ಟೂ ಫೋರ್ ಜ಼ೀರೋ ಜ಼ೀರೋ' ಎಂದು ಸೂಚನೆಯಿತ್ತರು. 2,400 ಅಡಿಗಳಿಗೆ ಇಳಿಯಿರಿ ಎಂಬುದು ಅವರ ಇಂಗಿತ. ವಿಮಾನದವರು ಎರಡೆಂಬ ಅರ್ಥದ 'ಟೂ' ಶಬ್ದವನ್ನು ಚತುರ್ಥೀ ವಿಭಕ್ತಿಯ ಅರ್ಥದ 'ಟು' ಎಂದು ತಿಳಿದು, 400 ಅಡಿಗಳಿಗೆ ಇಳಿಯಿರಿ ಎಂದು ಭಾವಿಸಿದರು. ವಿಮಾನವು ಗುಡ್ಡಕ್ಕೆ ಅಪ್ಪಳಿಸಿ ಅದರಲ್ಲಿದ್ದ ನಾಲ್ವರೂ ಮಡಿದರು. ದುರಂತಕ್ಕೆ ಬೇರೆ ಲೋಪಗಳೂ ಕೂಡಿಕೊಂಡಿದ್ದುವೆಂಬುದು ನಿಜ. ಆದರೆ ಮೊದಲ ಹೆಜ್ಜೆ ತಪ್ಪಿದುದು ಈ ಅವಳಿ ಶಬ್ದದಲ್ಲಿ. ಜೀವಮಾನವನ್ನೆಲ್ಲ ಇಂಗ್ಲಿಷಿನಲ್ಲೇ ವ್ಯವಹರಿಸಿದವರಿಗೂ ಆ ಭಾಷೆಯ ಕಿರುಶಬ್ದ ಮೋಸ ಮಾಡಿತು.

ವಿಮಾನದ ಲೋಕದವರು ಇಂತಹ ಅಪಾಯವನ್ನು ಬಹಳ ಹಿಂದೆಯೇ ಮನಗಂಡಿದ್ದರು. ಬೀ, ಡೀ, ಪೀ, ಟೀ ಎಂಬ ಅಕ್ಷರಗಳ ಹೆಸರುಗಳು ಒಂದರಂತೊಂದು ಕೇಳುವುದರಿಂದ ಅವುಗಳನ್ನು ಬ್ರಾವೋ, ಡೆಲ್ಟಾ, ಪಾಪಾ, ಟ್ಯಾಂಗೋ ಎಂದು ಹೇಳುವ ಪದ್ಧತಿ 1956ರಿಂದ ಜಗತ್ತಿನಾದ್ಯಂತ ಬಳಕೆಗೆ ಬಂದಿತು. 'ನೈನ್' ಎಂಬುದು 'ಫೈವ್' ಎಂದು ಕೇಳಿಸದಿರಲೆಂದು ವೈಮಾನಿಕರು ಅದನ್ನು 'ನೈನರ್' ಎನ್ನುವರು.

ವೈದ್ಯರದೂ ಇದೇ ಕಷ್ಟ. 'ಹೈಡ್ರಾಲಜ಼ೀನ್' ರಕ್ತದ ಒತ್ತಡಕ್ಕೆ ಕೊಡುವ ಮದ್ದು. 'ಹೈಡ್ರಾಕ್ಸಿಜ಼ೀನ್' ತುರಿಕೆಯಂತಹ ತೊಂದರೆಗಳಿಗೆ ಕೊಡುವ ಮದ್ದು. ಇಂತಹ ಹೆಸರುಗಳು ಅದಲುಬದಲಾಗದಂತೆ, ಭೇದವಿರುವ ಭಾಗವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2001ರಲ್ಲಿ ತಯಾರಕರಿಗೆ ಸೂಚಿಸಿತು. ವೈದ್ಯಕೀಯದಲ್ಲಿ ಇನ್ನೊಂದು ಜೋಡಿಯನ್ನು ಎಲ್ಲರೂ ತಿಳಿದಿರಬೇಕು. 'ಹೈಪರ್‌ಟೆನ್ಷನ್' ಎಂದರೆ ರಕ್ತದ ಒತ್ತಡ ಹೆಚ್ಚಿರುವುದು, 'ಹೈಪೋಟೆನ್ಷನ್' ಎಂದರೆ ಕಡಿಮೆಯಿರುವುದು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ವಿಷವಾದೀತು. 'ಹೈಪರ್' ಎಂಬ ಗ್ರೀಕ್ ಶಬ್ದವು ನಾವು ಬಲ್ಲ ಸಂಸ್ಕೃತದ 'ಉಪರಿ'ಯ ಬಂಧು, ಎಂದರೆ ಮೇಲೆ. 'ಹೈಪೋ' ಎಂಬುದು 'ಉಪ'ದ ಬಂಧು; ಉಪಾಧ್ಯಕ್ಷನು ಅಧ್ಯಕ್ಷನಿಗಿಂತ ಕೆಳಗಿನವನು. ಉಪರಿ ಮೇಲೆ, ಉಪ ಕೆಳಗೆ. ಇಂಗ್ಲಿಷು ಮಾಧ್ಯಮದಲ್ಲಿ ಓದಿದ ಮಗುವು ಬಾಯಿಪಾಠ ಮಾಡಬೇಕಾದುದನ್ನು ಕನ್ನಡ ಓದಿದ ಮಗುವು ಅರ್ಥಮಾಡಿಕೊಂಡೇ ನೆನಪಿಡಬಹುದು.

ಅಭ್ಯಾಸದ ಕ್ರಮ

ಹಾಗಾದರೆ ವಿದ್ಯಾರ್ಥಿಗಳು ಏನು ಮಾಡಬೇಕು? ಯಂತ್ರವನ್ನು ಪೂರ್ತಿಯಾಗಿ ನಂಬಬಾರದೆಂಬುದು ಮೊದಲ ಮಾತು. ಗಣಕಯಂತ್ರವೂ ಕೈಫೋನೂ ಶಬ್ದ ತಪ್ಪಿದರೆ ಕೆಂಪು ಗೆರೆ ಎಳೆಯುತ್ತವೆ, ನಿಜ. ಆದರೆ ಅವಳಿ ಶಬ್ದಗಳಲ್ಲಿ ಎರಡೂ ಸರಿಯಾದ ಶಬ್ದಗಳೇ ಆದುದರಿಂದ ಅವು ಅನೇಕ ವೇಳೆ ಸುಮ್ಮನಿರುತ್ತವೆ. ಎಚ್ಚರವು ನಮ್ಮಲ್ಲಿಯೇ ಇರಬೇಕು.

ಎರಡನೆಯದಾಗಿ ಒಂದು ಸಣ್ಣ ಪುಸ್ತಕವನ್ನಿಟ್ಟುಕೊಳ್ಳಬೇಕು. ಒಂದು ಜೋಡಿಗೆ ಒಂದು ಪುಟ. ಎಡಕ್ಕೆ ಒಂದು ಶಬ್ದ, ಬಲಕ್ಕೆ ಇನ್ನೊಂದು. ಕೆಳಗೆ ಕನ್ನಡದಲ್ಲಿ ಅರ್ಥ. ಅದರ ಕೆಳಗೆ ಸ್ವಂತವಾಗಿ ರಚಿಸಿದ ಒಂದೊಂದು ವಾಕ್ಯ. ಕೊನೆಗೆ ನೆನಪಿನ ಗುರುತು. ಗುರುತನ್ನು ತಾವೇ ಹುಡುಕಿಕೊಂಡರೆ ಉತ್ತಮ. ಪರರು ಕೊಟ್ಟುದು ಬೇಗ ಮರೆಯುತ್ತದೆ. ಒಂದೇ ದಿನ ಇಪ್ಪತ್ತು ಜೋಡಿಗಳನ್ನು ಕಲಿಯಹೊರಟರೆ ಇದ್ದ ಗೊಂದಲವೂ ಹೆಚ್ಚುವುದು. ವಾರಕ್ಕೆ ಎರಡು ಸಾಕು. ಒಂದು ವರ್ಷಕ್ಕೆ ನೂರಾದುವು.

ಮೂರನೆಯದಾಗಿ ತಪ್ಪಿದವರನ್ನು ಕಂಡು ನಗಬಾರದು. ನಕ್ಕವನಿಗೆ ಲಾಭವಿಲ್ಲ, ನಗೆಗೀಡಾದವನು ಮಾತನ್ನೇ ಬಿಡುತ್ತಾನೆ. ಮಾತು ಬಿಟ್ಟವನಿಗೆ ಯಾವ ಭಾಷೆಯೂ ಬರದು. ತಪ್ಪನ್ನು ಮೆಲ್ಲನೆ ತಿದ್ದಿಕೊಟ್ಟವನೇ ಮಿತ್ರ.

ಆ ಸಂಜೆ ನಮ್ಮ ಹುಡುಗನಿಗೆ ನಾವು ಇಷ್ಟನ್ನೆಲ್ಲ ಹೇಳಿರಲಿಲ್ಲ. ಹಲಗೆಯ ಮೇಲೆ ಎರಡು ಶಬ್ದಗಳನ್ನು ಬರೆದು, ಪ್ರಾಂಶುಪಾಲರ 'ಪಾಲ'ವನ್ನು ತೋರಿಸಿದೆವು, ಅಷ್ಟೆ. ಅವನು ಸ್ವಲ್ಪ ಹೊತ್ತು ನೋಡಿ, "ಇದು ಕನ್ನಡ ಬಲ್ಲವರಿಗೆ ಮಾತ್ರ ಸಿಗುವ ಗುರುತು, ಅಲ್ಲವೇ ಸರ್?" ಎಂದನು. ಅಹುದೆಂದೆವು. ಅವನು ಕೇಳಿದ ಮೊದಲ ಪ್ರಶ್ನೆಗೆ ಉತ್ತರವನ್ನು ಅವನೇ ಕಂಡುಕೊಂಡಂತಾಯಿತು. ಮರುದಿನದ ರೈಲಿಗೆ ಹೊತ್ತಾಯಿತೆಂದು ಹೊರಟುನಿಂತವನು ಹಲಗೆಯ ಮೇಲಿದ್ದುದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಹೋದನು. ಅವನ ಬೆನ್ನ ಹಿಂದೆ ಕಾಲೇಜಿನ ಮೆಟ್ಟಿಲೇರಲಿರುವ ನಮ್ಮ ಶಾಲೆಯ ಮಕ್ಕಳಲ್ಲಿ ಒಬ್ಬರಾದರೂ ಈ ಲೇಖನದಿಂದ ಒಂದು ಜೋಡಿಯನ್ನು ಗಟ್ಟಿಮಾಡಿಕೊಂಡು, ಅಲ್ಲಿ ತಲೆಯೆತ್ತಿ ಕೈ ಮೇಲೆತ್ತಿದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.